ನಿಮಗಿದು ಗೊತ್ತೇ? ಇಗರ್ಜಿಯ ಸ್ಪೀಕರ್ ವೈರು, ಗುಂಯ್‌ಗುಡುವ ಮೈಕು

ಭಾನುವಾರದ ಪ್ರವಚನ ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ಸ್ಪೀಕರಿನಿಂದ ಗುಂಯ್ ಎಂಬ ಸದ್ದು. ಎಲ್ಲರೂ ತಿರುಗಿ ಆಂಪ್ಲಿಫೈಯರ್ ಕಡೆ ನೋಡುತ್ತಾರೆ. ಮುಂದಿನ ವಾರದ ಸಭೆಯಲ್ಲಿ ಹೊಸ ಆಂಪ್ಲಿಫೈಯರಿಗೆ ಚಂದಾ ಎತ್ತುವ ಮಾತೂ ಬರುತ್ತದೆ. ಹೊಸದು ಬಂದ ಮೇಲೂ ಸದ್ದು ಅಲ್ಲೇ ಇರುತ್ತದೆ, ಯಾಕೆಂದರೆ ಬಹಳ ಸಲ ಅದರ ಮನೆ ಪೆಟ್ಟಿಗೆಯೊಳಗಲ್ಲ, ಗೋಡೆಯೊಳಗಿನ ಪೈಪಿನಲ್ಲಿ.

● ಗುಂಯ್ ಸದ್ದನ್ನು ಸ್ಪೀಕರ್ ವೈರು ಹಿಡಿದು ತರುವುದು ಅಪರೂಪ, ಗೊತ್ತೇ? ಡೈನಮಿಕ್ ಮೈಕೊಂದು ಹುಟ್ಟಿಸುವ ವೋಲ್ಟೇಜು ಒಂದೆರಡು ಮಿಲಿವೋಲ್ಟ್ ಮಾತ್ರ. ಮಿಕ್ಸರಿನಿಂದ ಆಂಪ್ಲಿಫೈಯರಿಗೆ ಹೋಗುವ ಸಿಗ್ನಲ್ ಒಂದು ವೋಲ್ಟಿನ ಆಸುಪಾಸು. ಅಲ್ಲಿಂದ ಸ್ಪೀಕರಿಗೆ ಹೋಗುವಾಗ ಅದು 28 ವೋಲ್ಟೂ ಆಗಬಹುದು, 100 ವೋಲ್ಟೂ ಆಗಬಹುದು. ಪಕ್ಕದ ಕರೆಂಟ್ ವೈರಿನಿಂದ ಅರ್ಧ ಮಿಲಿವೋಲ್ಟ್ ನುಸುಳಿದರೆ ಮೈಕಿನ ಸಾಲಿಗೆ ಅದು ಮಹಾಪೂರ, ಸ್ಪೀಕರಿನ ಸಾಲಿಗೆ ಲೆಕ್ಕಕ್ಕೇ ಇಲ್ಲ. ಆದ್ದರಿಂದ ಗಲಾಟೆಯಲ್ಲಿ ಸ್ಪೀಕರ್ ವೈರು ಪೆಟ್ಟು ತಿನ್ನುವವನಲ್ಲ, ಪೆಟ್ಟು ಕೊಡುವವನು. 100 ವೋಲ್ಟಿನ ಸ್ಪೀಕರ್ ಸಾಲನ್ನು 2 ಮಿಲಿವೋಲ್ಟಿನ ಮೈಕ್ ಸಾಲಿನ ಜೊತೆ ಒಂದೇ ಪೈಪಿಗೆ ತುರುಕಿದರೆ ಎರಡಕ್ಕೂ ನಡುವಿನ ಅಂತರ 50,000 ಪಟ್ಟು, ಅಂದರೆ 94 ಡೆಸಿಬಲ್. ಹೊರಟ ಸದ್ದು ಮತ್ತೆ ಮೈಕ್ ಸಾಲಿಗೆ ಸೋರಿ, ಬಲಿಪೀಠದ ಮೈಕನ್ನು ಯಾರೂ ಮುಟ್ಟದಿದ್ದರೂ ಆಂಪ್ಲಿಫೈಯರ್ ತಾನಾಗಿ ಕೂಗಲು ಶುರುಮಾಡಬಹುದು. ‘ಎರಡೂ ಸೌಂಡಿನ ವೈರೇ ತಾನೇ, ಒಂದೇ ಪೈಪು ಸಾಕು’ ಎಂದು ಯಾವ ಎಲೆಕ್ಟ್ರಿಷಿಯನ್ ಹೇಳಿದರೂ ಒಪ್ಪಬೇಡಿ.

● ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಮೊದಲು ಹೊರಬಂದದ್ದು 1897ರಲ್ಲಿ. ಈಗ ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆ. ಅದರ 518ನೇ ವಿಧಿ 100 ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವ ಕಟ್ಟಡಗಳದ್ದು. ಪ್ರಾರ್ಥನಾ ಮಂದಿರಗಳೂ ಆ ಪಟ್ಟಿಯಲ್ಲಿವೆ. ಅಲ್ಲಿ ಕರೆಂಟ್ ವೈರಿಂಗು ಸಾಮಾನ್ಯವಾಗಿ ಲೋಹದ ಪೈಪಿನಲ್ಲೋ, ಕಾಂಕ್ರೀಟಿನೊಳಗೆ ಹೂತೋ ಇರಬೇಕು. ಧ್ವನಿವರ್ಧಕದ ವೈರಿಗೆ ಮಾತ್ರ ರಿಯಾಯಿತಿ; ಅದು 640ನೇ ವಿಧಿಯ ಪ್ರಕಾರ ನಡೆದರೆ ಸಾಕು.

● ಹಾಗೆಂದು ಸ್ಪೀಕರ್ ವೈರನ್ನು ಅಲ್ಲಿ ಬೇಕಾದ ಹಾಗೆ ಎಳೆಯುವಂತಿಲ್ಲ. ಆಂಪ್ಲಿಫೈಯರಿನ ಹಿಂಬದಿಯಲ್ಲಿ ಅದರ ಔಟ್‌ಪುಟ್ ಕ್ಲಾಸ್ 1, 2, 3ರಲ್ಲಿ ಯಾವುದು ಎಂದು ಮುದ್ರಿಸಿರುತ್ತಾರೆ. ಎರಡು, ಮೂರು ಎಂದಿದ್ದರೆ ಅದಕ್ಕೆ ತಕ್ಕ ಪ್ರಮಾಣಿತ ಕೇಬಲ್ ಸಾಕು. ಒಂದು ಎಂದಿದ್ದರೆ ಅದನ್ನು ಮಾಮೂಲಿ ಕರೆಂಟ್ ವೈರಿಂಗಿನಷ್ಟೇ ಬಿಗಿಯಾಗಿ ಕಾಣಬೇಕು. ಎರಡು ಮತ್ತು ಮೂರನೇ ಕ್ಲಾಸಿನ ವೈರು, ನಡುವೆ ಗೋಡೆಯಂಥ ತಡೆಯೋ ಪೈಪೋ ಇಲ್ಲದಿದ್ದರೆ, ಕರೆಂಟ್ ವೈರಿನಿಂದ ಕನಿಷ್ಠ 50 ಮಿಲಿಮೀಟರ್ ದೂರ ಇರಬೇಕು.

ಈ 50 ಮಿಲಿಮೀಟರ್ ಬರೆದದ್ದು ಪ್ರಾಣ ಉಳಿಸಲು, ಕಿವಿ ಉಳಿಸಲು ಅಲ್ಲ. ಮೈಕ್ ವೈರಿಗೆ ಅಷ್ಟು ಸಾಲದು. ಒಂದೆರಡು ಅಡಿ ಬಿಟ್ಟು ಎಳೆಯುವುದು, ದಾಟಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟಿಸುವುದು ಅನುಭವಸ್ಥರ ರೂಢಿ. ಲಂಬಕೋನದಲ್ಲಿ ದಾಟಿದ ಎರಡು ವೈರುಗಳ ನಡುವೆ ಕಾಂತಕ್ಷೇತ್ರದ ಕೊಡುಕೊಳ್ಳುವಿಕೆ ಹೆಚ್ಚುಕಡಿಮೆ ಸೊನ್ನೆ.

● ನಮ್ಮಲ್ಲೂ ನಿಯಮಗಳಿಗೆ ಬರವಿಲ್ಲ. ಕಟ್ಟಡದೊಳಗಿನ ಧ್ವನಿವರ್ಧಕ ವ್ಯವಸ್ಥೆಗೆ ಭಾರತೀಯ ಮಾನಕ ಐ.ಎಸ್. 1881, ಬಯಲಿನದಕ್ಕೆ ಐ.ಎಸ್. 1882, ವೈರಿಂಗಿಗೆ ಐ.ಎಸ್. 732, ಅರ್ಥಿಂಗಿಗೆ ಐ.ಎಸ್. 3043. ಭಾರತದ್ದೇ ಆದ ರಾಷ್ಟ್ರೀಯ ವಿದ್ಯುತ್ ಸಂಹಿತೆ 1985ರಲ್ಲಿ ಬಂತು. ಮೈಕ್ ಸೆಟ್ಟಿನವರ ಅಂಗಡಿಯಲ್ಲಿ ಇವುಗಳ ಪ್ರತಿ ಕಂಡವರು ಯಾರಾದರೂ ಇದ್ದರೆ ಅವರು ಭಾಗ್ಯವಂತರು.

● 100 ವ್ಯಾಟ್ ಸ್ಪೀಕರಿಗೆ ಮುಟ್ಟುವುದು ನಿಜವಾಗಿ ಎಷ್ಟು ವ್ಯಾಟ್? ಲೆಕ್ಕ ಹಾಕೋಣ. 8 ಓಂನ ಸ್ಪೀಕರಿಗೆ 100 ವ್ಯಾಟ್ ಕೊಡಲು ಸುಮಾರು 28 ವೋಲ್ಟ್, 3.5 ಆಂಪಿಯರ್ ಬೇಕು. ಆಂಪ್ಲಿಫೈಯರ್ ಬಲಿಪೀಠದ ಪಕ್ಕದ ಕೋಣೆಯಲ್ಲಿ, ಸ್ಪೀಕರ್ 50 ಮೀಟರ್ ದೂರದ ಮುಖ್ಯದ್ವಾರದ ಬಳಿ ಎಂದುಕೊಳ್ಳಿ. ಹೋಗುವ ದಾರಿ 50, ಬರುವ ದಾರಿ 50. 1.5 ಚದರ ಮಿಲಿಮೀಟರಿನ ತಾಮ್ರದ ವೈರು ನೂರು ಮೀಟರಿಗೆ ಸುಮಾರು 1.15 ಓಂ ತಡೆ ಒಡ್ಡುತ್ತದೆ. ಸ್ಪೀಕರಿಗೆ ದಕ್ಕುವುದು 76 ವ್ಯಾಟ್. ಹನ್ನೊಂದು ವ್ಯಾಟ್ ವೈರನ್ನು ಬಿಸಿ ಮಾಡುವುದರಲ್ಲೇ ಮುಗಿಯುತ್ತದೆ, ಉಳಿದದ್ದು ಆಂಪ್ಲಿಫೈಯರಿನಿಂದ ಹೊರಡುವುದೇ ಇಲ್ಲ. ಅದೇ ವೈರಿನಲ್ಲಿ 100 ವೋಲ್ಟ್ ಲೈನ್ ಹಾಕಿದರೆ ಹರಿಯುವುದು ಬರೀ ಒಂದು ಆಂಪಿಯರ್. ಸ್ಪೀಕರಿಗೆ 97 ವ್ಯಾಟಿಗೂ ಹೆಚ್ಚು ಮುಟ್ಟುತ್ತದೆ. ಆಂಪ್ಲಿಫೈಯರಿನ ಹಿಂದೆ ‘100 ವಿ’ ಎಂಬ ಟರ್ಮಿನಲ್, ಪ್ರತಿ ಕಾಲಮ್ ಸ್ಪೀಕರಿನ ಬೆನ್ನಿಗೊಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವುದು ಇದಕ್ಕೇ.

ವೋಲ್ಟೇಜ್ ಏರಿಸಿ ದೂರ ಕಳಿಸುವ ಈ ಉಪಾಯವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರು ಮೈಸೂರಿನವರೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರ್ ದೂರ, ಕರೆಂಟು ಹೋದದ್ದು 35,000 ವೋಲ್ಟಿನಲ್ಲಿ.

● ಅಮೆರಿಕದವರು 100ರ ಬದಲು 70 ವೋಲ್ಟ್ ಬಳಸುತ್ತಾರೆ. ಸರಿಯಾಗಿ ಹೇಳುವುದಾದರೆ 70.7. ಅಲೆಯ ತುತ್ತತುದಿಯಲ್ಲಿ ಅದು ಸರಿಯಾಗಿ 100 ವೋಲ್ಟ್ ಮುಟ್ಟುತ್ತದೆ!

● 100 ವೋಲ್ಟ್ ಲೈನು ಶಾಕ್ ಹೊಡೆಯುತ್ತದೆಯೇ? ಹೊಡೆಯುತ್ತದೆ. ಗಾಯನವೃಂದ ಪೂರ್ತಿ ದನಿಯಲ್ಲಿ ಹಾಡುತ್ತಿರುವಾಗ ಆ ತುದಿಗಳನ್ನು ಬರಿಗೈಯಲ್ಲಿ ಮುಟ್ಟಿದರೆ ಅದು ಕರೆಂಟೇ. ಯಾರೂ ಮಾತಾಡದ ಹೊತ್ತಿನಲ್ಲಿ ಏನೂ ಇರುವುದಿಲ್ಲ. ಹೀಗಾಗಿ ‘ನಿನ್ನೆ ಮುಟ್ಟಿದ್ದೆ, ಏನೂ ಆಗಲಿಲ್ಲ’ ಎಂಬ ಸಾಕ್ಷಿಗೆ ಬೆಲೆ ಇಲ್ಲ. ಟರ್ಮಿನಲ್‌ಗೆ ಮುಚ್ಚಳ, ಜಾಯಿಂಟಿಗೆ ಜಂಕ್ಷನ್ ಬಾಕ್ಸ್ ಬೇಕೇ ಬೇಕು. ಟೇಪ್ ಸುತ್ತಿ ಬಿಟ್ಟರೆ ಆಗದು.

● 2005ರ ಅಕ್ಟೋಬರ್ 30, ಭಾನುವಾರ. ಅಮೆರಿಕದ ಟೆಕ್ಸಾಸ್ ರಾಜ್ಯದ ವೇಕೋ ಪಟ್ಟಣ. ಯೂನಿವರ್ಸಿಟಿ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ದೀಕ್ಷಾಸ್ನಾನದ ತೊಟ್ಟಿಯ ನೀರಿನಲ್ಲಿ ನಿಂತಿದ್ದ 33 ವರ್ಷದ ಪಾಸ್ಟರ್ ಮೈಕ್ ಸರಿಪಡಿಸಲು ಕೈ ಚಾಚಿದರು. ಶಾಕ್ ಹೊಡೆದು ತೀರಿಕೊಂಡರು. ಸಭೆಯಲ್ಲಿ ನೂರಾರು ಜನ ನೋಡುತ್ತಿದ್ದರು.

ಮೈಕಿನೊಳಗೆ ಕೊಲ್ಲುವಷ್ಟು ಕರೆಂಟು ಇರುವುದಿಲ್ಲ. ಆದರೆ ಮೈಕಿನ ಲೋಹದ ಮೈ ವೈರಿಗೆ ಸುತ್ತಿದ ಲೋಹದ ಜಾಲರಿ ಮೂಲಕ ಮಿಕ್ಸರಿಗೆ, ಅಲ್ಲಿಂದ ಕಟ್ಟಡದ ಅರ್ಥಿಂಗಿಗೆ ಸೇರಿರುತ್ತದೆ. ನೀರಿನಲ್ಲಿ ಮುಳುಗಿದ ಮನುಷ್ಯನ ಮೈ ಇನ್ನೊಂದು ಕಡೆ. ಈ ಎರಡರಲ್ಲಿ ಒಂದಕ್ಕೆ ಎಲ್ಲಿಂದಲೋ ಫೇಸ್ ಸೋರಿ ಬಂದರೆ ನಡುವೆ ಸಿಕ್ಕವನು ದಾರಿಯಾಗುತ್ತಾನೆ. ತೊಟ್ಟಿಯ ನೀರು ಕಾಯಿಸುವ ಹೀಟರ್ ಕೆಟ್ಟಿರಬಹುದು, ಅಥವಾ ಆಂಪ್ಲಿಫೈಯರ್ ಅರ್ಥ್ ಇಲ್ಲದೆ ಫೇಸ್ ಹೊತ್ತಿರಬಹುದು. ಮೈಕ್ ಹಿಡಿದವನಿಗೆ ಮುಂಚೆ ತಿಳಿಯುವ ದಾರಿಯೇ ಇಲ್ಲ. ಇಂಥ ಕಡೆ ಕಾಯುವುದು ಇಎಲ್‌ಸಿಬಿ ಎಂದು ನಾವು ಕರೆಯುವ ಸೋರಿಕೆ ತಡೆಯುವ ಸ್ವಿಚ್ಚು. ಇಲ್ಲಿ ಮನೆಗಳಿಗೆ ಹಾಕುವುದು 30 ಮಿಲಿಆಂಪಿಯರಿನದು, ಅಮೆರಿಕದ್ದು ಸುಮಾರು 5 ಮಿಲಿಆಂಪಿಯರಿಗೇ ಬೀಳುತ್ತದೆ. ನೀರಿನ ಹತ್ತಿರ ತಂತಿಯಿಲ್ಲದ ಮೈಕು ಹಿಡಿಯುವುದು ಇನ್ನೂ ಲೇಸು. ಅಮೆರಿಕದ ಸಂಹಿತೆಯ 640ನೇ ವಿಧಿ ಈಜುಕೊಳ, ಕಾರಂಜಿಗಳ ಅಂಚಿನಿಂದ ಅಡ್ಡಡ್ಡಲಾಗಿ 1.5 ಮೀಟರಿನೊಳಗೆ ಕರೆಂಟಿಗೆ ಚುಚ್ಚಿದ ಆಡಿಯೊ ಉಪಕರಣ ಇಡಬಾರದು ಎನ್ನುತ್ತದೆ.

● ಗುಂಯ್ ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವ ವೈದ್ಯ ಊರಿಗೊಬ್ಬ ಇದ್ದಾನೆ. ಗುಂಯ್ ನಿಲ್ಲುವುದು ನಿಜ, ಅದೇ ಅಪಾಯ! ಮಿಕ್ಸರು ಒಂದು ಮೂಲೆಯ ಸಾಕೆಟ್ಟಿನಲ್ಲಿ, ಆಂಪ್ಲಿಫೈಯರು ಇನ್ನೊಂದು ಮೂಲೆಯದರಲ್ಲಿ ಇದ್ದಾಗ ಎರಡೂ ಕಡೆಯ ಅರ್ಥ್ ಒಂದೇ ಮಟ್ಟದಲ್ಲಿರುವುದಿಲ್ಲ. ನಡುವಿನ ಆಡಿಯೊ ವೈರಿನ ಜಾಲರಿ ಎರಡನ್ನೂ ಬೆಸೆದೊಡನೆ ಅದರ ಮೂಲಕ 50 ಹರ್ಟ್ಸ್‌ನ ಕರೆಂಟು ಸುತ್ತುಹೊಡೆಯುತ್ತದೆ. ಪಿನ್ ಕಿತ್ತರೆ ಸುತ್ತು ಕಡಿಯುತ್ತದೆ. ಜೊತೆಗೆ ಪೆಟ್ಟಿಗೆಯೊಳಗೆ ಫೇಸ್ ಮೈಗೆ ತಗುಲಿದ ದಿನ ಫ್ಯೂಸ್ ಹಾರಿಸುವ ದಾರಿಯೂ ಕಡಿಯುತ್ತದೆ.

ಮಾಡಬೇಕಾದದ್ದು ಬೇರೆ. ಮಿಕ್ಸರು, ಆಂಪ್ಲಿಫೈಯರು, ಕೀಬೋರ್ಡು, ಪ್ರೊಜೆಕ್ಟರು ಎಲ್ಲಕ್ಕೂ ಡಿಬಿಯ (ಕರೆಂಟು ಹಂಚುವ ಪೆಟ್ಟಿಗೆಯ) ಒಂದೇ ಕಡೆಯಿಂದ, ಒಂದೇ ಫೇಸಿನಿಂದ, ಒಂದೇ ಅರ್ಥ್ ತಂತಿಯೊಂದಿಗೆ ಲೈನ್ ಎಳೆಯಬೇಕು. ಅದು ಸಾಧ್ಯವಿಲ್ಲದ ಹಳೇ ಕಟ್ಟಡದಲ್ಲಿ ಆಡಿಯೊ ಸಾಲಿನ ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಬೇಕು. ಆಗ ಸದ್ದು ದಾಟುತ್ತದೆ, ಅರ್ಥಿನ ಸುತ್ತುಕರೆಂಟು ದಾಟದು.

● ‘ಸೌಂಡಿಗೇ ಬೇರೆ ಅರ್ಥ್ ಗುಂಡಿ ತೋಡಿಸಿದ್ದೇವೆ’ ಎಂದು ಬೀಗುವವರಿದ್ದಾರೆ. ಕಟ್ಟಡದ ಮುಖ್ಯ ಅರ್ಥಿಗೆ ಜೋಡಿಸದೆ ಒಂಟಿಯಾಗಿ ಬಿಟ್ಟ ಗುಂಡಿ ಅಪಾಯಕಾರಿ. ಆಂಪ್ಲಿಫೈಯರಿನ ಮೈಗೆ ಫೇಸ್ ತಗುಲಿದರೆ ಕರೆಂಟು ಮಣ್ಣಿನ ಮೂಲಕವೇ ವಾಪಸು ಹೋಗಬೇಕು, ಮಣ್ಣಿನ ತಡೆಯಲ್ಲಿ ಎಂಸಿಬಿ ಬೀಳುವಷ್ಟು ಕರೆಂಟು ಹರಿಯದೆ ಹೋಗಬಹುದು. ಸಿಡಿಲು ಬಡಿದಾಗಲಂತೂ ಎರಡು ಗುಂಡಿಗಳ ನಡುವೆ ಸಾವಿರಾರು ವೋಲ್ಟ್ ಎದ್ದು ನಿಲ್ಲುತ್ತದೆ, ಆ ನಡುವೆ ನಿಮ್ಮ ಮಿಕ್ಸರು ಇರುತ್ತದೆ.

● ಮೂರು ಫೇಸಿನ ಸಂಪರ್ಕವಿರುವ ಚರ್ಚಿನಲ್ಲಿ ಗಿಟಾರಿನ ಆಂಪ್ಲಿಫೈಯರ್ ಒಂದು ಫೇಸಿನಲ್ಲಿ, ಮಿಕ್ಸರ್ ಇನ್ನೊಂದರಲ್ಲಿ ಇದ್ದರೆ ಆ ಎರಡು ಫೇಸ್ ತಂತಿಗಳ ನಡುವೆ ಇರುವುದು 230 ವೋಲ್ಟಲ್ಲ, ಸುಮಾರು 400.

● ಒಂದು ವೈರಿನ ಫೇಸು ಬಲಗೋಡೆಯ ಪೈಪಿನಲ್ಲಿ, ಅದರ ನ್ಯೂಟ್ರಲ್ ಎಡಗೋಡೆಯ ಪೈಪಿನಲ್ಲಿ ಬಂದರೆ? ದೀಪ ಹತ್ತುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಎರಡು ಕಡೆ ಸ್ವಿಚ್ಚಿರುವ ತೂಗುದೀಪಗಳಿಗೆ ಪಕ್ಕದ ಲೈನಿನ ನ್ಯೂಟ್ರಲನ್ನು ಕೈಸಾಲ ಪಡೆದಾಗ ಹೀಗೆ ಆಗುತ್ತದೆ. ಫೇಸು-ನ್ಯೂಟ್ರಲ್ ಅಕ್ಕಪಕ್ಕ ಓಡಿದರೆ ಎರಡರ ಕಾಂತಕ್ಷೇತ್ರ ಒಂದನ್ನೊಂದು ಕಳೆದುಕೊಳ್ಳುತ್ತದೆ. ದೂರ ಎರಡು ಪಟ್ಟಾದರೆ ಉಳಿದ ಕ್ಷೇತ್ರ ಕಾಲು ಭಾಗಕ್ಕೆ ಇಳಿಯುತ್ತದೆ. ಬೇರೆ ಬೇರೆ ಓಡಿದರೆ ಎರಡು ಪಟ್ಟು ದೂರದಲ್ಲೂ ಅರ್ಧ ಉಳಿದಿರುತ್ತದೆ. ಆಗ ಇಡೀ ಸಭಾಂಗಣವೇ ಒಂದು ಸುತ್ತಿನ ದೊಡ್ಡ ಕಾಯಿಲ್, ನಡುವಿನ ಮೈಕ್ ವೈರುಗಳೆಲ್ಲ ಅದರೊಳಗೆ. ಒಂದು ಸರ್ಕ್ಯೂಟಿನ ಎಲ್ಲ ತಂತಿಗಳೂ ಒಂದೇ ಪೈಪಿನಲ್ಲಿರಬೇಕು ಎಂದು ಸುರಕ್ಷತೆಯ ನಿಯಮ ಹೇಳುವುದು ಬಿಸಿ ಮತ್ತು ಫಾಲ್ಟಿನ ಕಾರಣಕ್ಕೆ. ಗುಂಯ್ ತಡೆಯಲು ಬೇಕಾದದ್ದೂ ಅದೇ!

ನನ್ನ ಲೆಕ್ಕದಲ್ಲಿ ಈ ಇಡೀ ವಿಷಯದ ತಿರುಳು ಇಲ್ಲೇ ಇದೆ. ಸುರಕ್ಷತೆಯವರು ಒಂದು ಹೇಳುತ್ತಾರೆ, ಸೌಂಡಿನವರು ಇನ್ನೊಂದು ಹೇಳುತ್ತಾರೆ ಎಂಬ ಗೊಣಗಾಟ ಮಾಮೂಲು. ಬೇರೆ ಪೈಪು, ಒಂದೇ ಅರ್ಥು, ಜೊತೆಗೂಡಿ ಓಡುವ ಫೇಸು-ನ್ಯೂಟ್ರಲ್ಲು, ಮುಖ್ಯ ಪ್ಯಾನೆಲ್ ಬಿಟ್ಟು ಬೇರೆಲ್ಲೂ ನ್ಯೂಟ್ರಲನ್ನು ಅರ್ಥಿಗೆ ಸೇರಿಸದಿರುವುದು: ಇವಿಷ್ಟೂ ಎರಡು ಕಡೆಯವರ ಪಟ್ಟಿಯಲ್ಲೂ ಇವೆ.

● ವೈರಿಗೆ ಜಾಲರಿ ಸುತ್ತಿದರೆ ಗುಂಯ್ ನಿಲ್ಲುತ್ತದೆ ಎಂಬುದು ಅರ್ಧ ಸತ್ಯ. ತೆಳು ತಾಮ್ರದ ಜಾಲರಿ ವಿದ್ಯುತ್ ಕ್ಷೇತ್ರವನ್ನು ತಡೆಯುತ್ತದೆ, 50 ಹರ್ಟ್ಸ್‌ನ ಕಾಂತಕ್ಷೇತ್ರ ಅದನ್ನು ಲೆಕ್ಕಿಸದೆ ಒಳಬರುತ್ತದೆ. ಅದನ್ನು ಸೋಲಿಸುವುದು ತಿರುಚುವಿಕೆ. ಜೋಡಿ ತಂತಿಯನ್ನು ಹುರಿ ಹೊಸೆದಂತೆ ಹೊಸೆದರೆ ಒಂದು ಸುರುಳಿಯಲ್ಲಿ ಹುಟ್ಟಿದ ವೋಲ್ಟೇಜನ್ನು ಮುಂದಿನ ಸುರುಳಿ ಅಳಿಸುತ್ತದೆ. ಇದಕ್ಕೆ 1881ರಲ್ಲೇ ಪೇಟೆಂಟ್ ಪಡೆದವರು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್. ಪೈಪಿನ ವಿಷಯದಲ್ಲೂ ಹೀಗೇ: ಕಬ್ಬಿಣದ ಪೈಪು 50 ಹರ್ಟ್ಸ್‌ನ ಕಾಂತಕ್ಷೇತ್ರವನ್ನು ಚೆನ್ನಾಗಿ ತಗ್ಗಿಸುತ್ತದೆ, ಪಿವಿಸಿ ಪೈಪಿಗೆ ಅದರ ಗೊಡವೆಯೇ ಇಲ್ಲ.

● ಫ್ಯಾನ್ ರೆಗ್ಯುಲೇಟರ್ ತಿರುಗಿಸಿದಾಗ ಸ್ಪೀಕರಿನ ಸದ್ದು ಬದಲಾಗುತ್ತದೆಯೇ? ಹಾಗಾದರೆ ಅದು ಗುಂಯ್ ಅಲ್ಲ, ಝಿರ್ ಎನ್ನುವ ಇನ್ನೊಂದು ಜಾತಿ. ನಯವಾಗಿ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರಿನೊಳಗಿನ ಟ್ರಯಾಕ್ ಸೆಕೆಂಡಿಗೆ 100 ಸಲ ಕರೆಂಟನ್ನು ಥಟ್ಟನೆ ಕತ್ತರಿಸಿ ಬಿಡುತ್ತದೆ. ದೀಪದ ಡಿಮ್ಮರುಗಳೂ ಇದೇ ಕುಲ. ಟಕ್ ಟಕ್ ಎಂದು ಹೆಜ್ಜೆ ಹೆಜ್ಜೆಯಾಗಿ ತಿರುಗುವ, ಒಳಗೆ ಕೆಪಾಸಿಟರ್ ಇರುವ ರೆಗ್ಯುಲೇಟರು ಈ ಗಲಾಟೆ ಮಾಡುವುದಿಲ್ಲ. ಇಪ್ಪತ್ತು ಫ್ಯಾನುಗಳಿರುವ ಇಗರ್ಜಿಗೆ ಹೊಸ ಮಿಕ್ಸರು ತರುವ ಮುಂಚೆ ಇಪ್ಪತ್ತು ರೆಗ್ಯುಲೇಟರ್ ಬದಲಿಸಿ ನೋಡುವುದು ಅಗ್ಗ.

● ಡಿಸೆಂಬರ್ 24ರ ರಾತ್ರಿ ಮಾತ್ರ ಕಾಣಿಸಿಕೊಳ್ಳುವ ಝಿರ್ ಸದ್ದಿಗೆ ಗೋದಲಿಯ ಸುತ್ತ ಹಾಕಿದ ಮಿಣುಕುವ ಸೀರಿಯಲ್ ಸೆಟ್ಟನ್ನು ಒಮ್ಮೆ ತೆಗೆದು ನೋಡಿ. ಅದರ ಪುಟ್ಟ ಕಂಟ್ರೋಲರ್ ಡಬ್ಬಿಯೂ ಕರೆಂಟನ್ನು ಕತ್ತರಿಸಿಯೇ ಮಿಣುಕಿಸುವುದು.

● ಮೊಬೈಲು ರಿಂಗಾಗುವ ಮುನ್ನ ಸ್ಪೀಕರಿನಲ್ಲಿ ಬರುತ್ತಿದ್ದ ‘ಡಿಡಿಟ್ ಡಿಡಿಟ್’ ನೆನಪಿದೆಯೇ? 2ಜಿ ಫೋನು ಸೆಕೆಂಡಿಗೆ 217 ಸಲ ತುಂಡುತುಂಡಾಗಿ ಸಂಕೇತ ಚಿಮ್ಮುತ್ತದೆ. ರೇಡಿಯೊ ಅಲೆ ನಮಗೆ ಕೇಳಿಸದು, ಆದರೆ ಸೆಕೆಂಡಿಗೆ 217ರ ತಾಳ ಕಿವಿಯ ಅಳವಿನಲ್ಲೇ ಇದೆ.

● ಉದ್ದದ ಸ್ಪೀಕರ್ ವೈರು ಆಂಟೆನಾ ಕೂಡ ಆಗಬಲ್ಲದು. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗಾಂತರ 612 ಕಿಲೋಹರ್ಟ್ಸ್. ಆ ಅಲೆಯ ಕಾಲು ಭಾಗದ ಉದ್ದ ಸುಮಾರು 122 ಮೀಟರ್. ದೊಡ್ಡ ಚರ್ಚಿನ ಸುತ್ತ ಎಳೆದ ವೈರು ಅಷ್ಟಾದರೂ ಆಗುತ್ತದೆ. ವೈರು ಹಿಡಿದ ರೇಡಿಯೊ ಸಂಕೇತ ಆಂಪ್ಲಿಫೈಯರಿನ ಔಟ್‌ಪುಟ್ ಮೂಲಕ ಹಿಂಬಾಗಿಲಿನಿಂದ ಒಳಹೊಕ್ಕು, ಒಳಗಿನ ಟ್ರಾನ್ಸಿಸ್ಟರಿನಲ್ಲಿ ಮಾತಾಗಿ ಬದಲಾಗಿ, ಪ್ರವಚನದ ನಡುವೆ ವಾರ್ತೆ ಕೇಳಿಸಬಹುದು. ವೈರನ್ನು ಫೆರೈಟ್ ಉಂಗುರದಲ್ಲಿ ಹಲವು ಸುತ್ತು ಸುತ್ತಿದರೆ ಬಹಳ ಮಟ್ಟಿಗೆ ನಿಲ್ಲುತ್ತದೆ.

● ಎಲ್ಲವನ್ನೂ ಸರಿಯಾಗಿ ಮಾಡಿಯೂ ಗುಂಯ್ ಉಳಿದರೆ ದೋಷ ಉಪಕರಣದೊಳಗೇ ಇರಬಹುದು. ಮೈಕ್ ವೈರಿನ ತುದಿಯ ಎಕ್ಸ್‌ಎಲ್‌ಆರ್ ಕನೆಕ್ಟರಿನ ಒಂದನೇ ಪಿನ್ನನ್ನು, ಅಂದರೆ ಜಾಲರಿಯನ್ನು, ಪೆಟ್ಟಿಗೆಯ ಲೋಹದ ಮೈಗೆ ನೇರ ಸೇರಿಸಬೇಕು. ಹಾಗೆ ಮಾಡದೆ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ತಂದರೆ ಹೊರಗಿನ ಗಲೀಜು ಕರೆಂಟೆಲ್ಲ ಬೋರ್ಡಿನ ಮೇಲೆ ಓಡಾಡುತ್ತದೆ. ನೀಲ್ ಮನ್ಸಿ ಎಂಬ ಎಂಜಿನಿಯರ್ 1995ರಲ್ಲಿ ಇದನ್ನು ‘ಪಿನ್ 1 ಸಮಸ್ಯೆ’ ಎಂದು ಕರೆದು ಬರೆದ ಮೇಲೆ ತಯಾರಕರು ಎಚ್ಚೆತ್ತರು. 2005ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿ ಇದಕ್ಕೊಂದು ಮಾನದಂಡವನ್ನೇ ತಂದಿತು, ಎಇಎಸ್ 48.

● ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಚಾವಣಿಗಳ ಮೇಲೆ ಇಟಲಿಯ ಜೆಸ್ವಿಟ್ ಸಹೋದರ ಅಂತೋನಿಯೊ ಮೊಸ್ಕೆನಿ 19ನೇ ಶತಮಾನದ ಕೊನೆಯಲ್ಲಿ ಬಿಡಿಸಲು ತೊಡಗಿದ ಚಿತ್ರಗಳಿವೆ. ಇಂಥ ಗೋಡೆಗೆ ಕಟರ್ ತಾಗಿಸುವ ಮಾತೇ ಇಲ್ಲ. ಪಾರಂಪರಿಕ ಕಟ್ಟಡಗಳಲ್ಲಿ ವೈರು ಕಂಬದ ಹಿಂದೆ, ಕಾರ್ನಿಸಿನ ಮೇಲೆ, ಬೆಂಚುಗಳ ಕೆಳಗೆ ದಾರಿ ಹುಡುಕಬೇಕು. ದಾರಿ ಇಕ್ಕಟ್ಟಾದಷ್ಟೂ ಕರೆಂಟ್ ವೈರಿನ ಜೊತೆ ಒಂದೇ ಸಂದಿಯಲ್ಲಿ ನುಗ್ಗಿಸುವ ಆಸೆ ಹೆಚ್ಚು. ಹಳೇ ಕಟ್ಟಡಗಳು ಹೆಚ್ಚು ಗುಂಯ್‌ಗುಡುವುದಕ್ಕೆ ಇದೂ ಒಂದು ಕಾರಣ.

● ಕರಾವಳಿಯ ಹಂಚಿನ ಚಾವಣಿಯ ಇಗರ್ಜಿಗಳದ್ದು ಬೇರೆ ತಕರಾರು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಹಂಚು ಎಲ್ಲೆಡೆ ಹಬ್ಬಿತು. ಹಂಚಿನ ಕೆಳಗೆ ಮರದ ಪಕಾಸಿ, ರೀಪು. ಅವುಗಳ ಮೇಲೆ ಇಲಿಗಳ ಓಡಾಟ. ಬರಿಯ ಸ್ಪೀಕರ್ ವೈರಿನ ಹೊದಿಕೆ ಇಲಿ ಹಲ್ಲಿಗೆ ಏನೇನೂ ಅಲ್ಲ. ಒಣಮರದ ನಡುವೆ 100 ವೋಲ್ಟಿನ ವೈರು ಶಾರ್ಟಾದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಪೈಪು ಹಾಕಿ.

● ಎಸಿ ಹಾಕಿದ ಹೊಸ ಚರ್ಚುಗಳಲ್ಲಿ ಫಾಲ್ಸ್ ಸೀಲಿಂಗಿನ ಮೇಲಿನ ಜಾಗದಲ್ಲೇ ಗಾಳಿ ವಾಪಸು ಹರಿಯುತ್ತದೆ. ಅಲ್ಲಿ ವೈರಿಗೆ ಬೆಂಕಿ ಹತ್ತಿದರೆ ಹೊಗೆ ನೇರ ಭಕ್ತರ ತಲೆಯ ಮೇಲೆ. ಅದಕ್ಕೇ ಅಮೆರಿಕದಲ್ಲಿ ಇಂಥ ಜಾಗದಲ್ಲಿ ಲೋಹದ ಪೈಪಿಲ್ಲದೆ ಎಳೆಯುವ ಕೇಬಲ್ ‘ಪ್ಲೀನಮ್’ ದರ್ಜೆಯದೇ ಆಗಬೇಕು. 25 ಅಡಿ ಉದ್ದದ ಸುರಂಗದಂಥ ಒಲೆಯಲ್ಲಿ ಸುಟ್ಟಾಗ ಜ್ವಾಲೆ 5 ಅಡಿ ದಾಟಬಾರದು, ಹೊಗೆಗೂ ಮಿತಿ ಇದೆ.

● ಉದ್ದನೆಯ ಕಾಲಮ್ ಸ್ಪೀಕರ್ ಚರ್ಚುಗಳಲ್ಲಿ ಹೆಸರು ಮಾಡಿದ್ದು ಎಲ್ಲಿಂದ? ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನ ಗುಮ್ಮಟದಡಿ ಮಾತೆಂಬುದು ಪ್ರತಿಧ್ವನಿಯಲ್ಲಿ ಕರಗಿಹೋಗುತ್ತಿತ್ತು. 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಕಟ್ಟಡ ಸಂಶೋಧನಾ ಕೇಂದ್ರದ ಪೀಟರ್ ಪಾರ್ಕಿನ್ ಮತ್ತವರ ಸಂಗಡಿಗರು ಅಲ್ಲಿ ಎತ್ತರದ ಕಾಲಮ್ ಸ್ಪೀಕರುಗಳನ್ನು ನಿಲ್ಲಿಸಿದರು. ಅವು ಸದ್ದನ್ನು ಮೇಲಕ್ಕೆ ಚೆಲ್ಲದೆ ಜನರ ಮಟ್ಟದಲ್ಲೇ ಹರಡುತ್ತವೆ. ಇನ್ನೊಂದು ಜಾಣತನವೂ ಇತ್ತು. ಸದ್ದು ಗಾಳಿಯಲ್ಲಿ 20 ಮೀಟರ್ ಹೋಗಲು ಸುಮಾರು 58 ಮಿಲಿಸೆಕೆಂಡ್ ಬೇಕು, ವೈರಿನಲ್ಲಿ ಕ್ಷಣವೂ ಬೇಡ. ಹಿಂದಿನ ಸ್ಪೀಕರು ಮುಂದಿನದಕ್ಕಿಂತ ಮೊದಲೇ ಮಾತಾಡಿಬಿಟ್ಟರೆ ಹಿಂದೆ ಕೂತವರಿಗೆ ಎಲ್ಲವೂ ಎರಡೆರಡು ಸಲ. ಅದಕ್ಕೆ ತಿರುಗುವ ಕಾಂತೀಯ ಚಕ್ರವೊಂದರ ಮೇಲೆ ಧ್ವನಿಯನ್ನು ಮುದ್ರಿಸಿ, ಸ್ವಲ್ಪ ಮುಂದೆ ಓದಿಸಿ, ತಡಮಾಡಿ ಹಿಂದಿನ ಸ್ಪೀಕರಿಗೆ ಕಳಿಸಿದರು. ಮೊದಲು ಕಿವಿಗೆ ಬಿದ್ದ ಸದ್ದಿನ ದಿಕ್ಕನ್ನೇ ಮಿದುಳು ನಂಬುತ್ತದೆ ಎಂದು ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿಕೊಟ್ಟಿದ್ದರು. ಹೀಗಾಗಿ ಪಕ್ಕದ ಕಂಬದ ಸ್ಪೀಕರ್ ಮಾತಾಡಿದರೂ ಧರ್ಮಗುರುಗಳ ದನಿ ಬಲಿಪೀಠದಿಂದಲೇ ಬಂದಂತೆ ತೋರುತ್ತದೆ. ಇವತ್ತು ಈ ಕೆಲಸ ಅಂಗೈಯಗಲದ ಚಿಪ್ಪಿನದು.

ವೈರಿಂಗ್ ಮಾಡುವವರಿಗೆ ಇದರಲ್ಲೊಂದು ಪಾಠ ಇದೆ. ಹಿಂದಿನ ಸಾಲಿನ ಸ್ಪೀಕರುಗಳಿಗೆ ಬೇರೆಯೇ ವೈರು ಎಳೆದಿದ್ದರೆ ಮಾತ್ರ ಮುಂದೊಂದು ದಿನ ಅವುಗಳಿಗೆ ಮಾತ್ರ ತಡ ಕೊಡಬಹುದು. ಎಲ್ಲವನ್ನೂ ಒಂದೇ ಸಾಲಿಗೆ ಪೋಣಿಸಿದ್ದರೆ ಗೋಡೆ ಒಡೆಯಬೇಕು.

● ಕಿವುಡರಿಗಾಗಿ ಯುರೋಪಿನ ಎಷ್ಟೋ ಚರ್ಚುಗಳ ನೆಲದ ಸುತ್ತ ಮೈಕಿನ ಸಿಗ್ನಲ್ ಹರಿಯುವ ಒಂದು ತಂತಿಯ ಸುತ್ತು ಹಾಕಿರುತ್ತಾರೆ. ಅದರ ಕಾಂತಕ್ಷೇತ್ರವನ್ನು ಶ್ರವಣಯಂತ್ರದ ‘ಟಿ’ ಸ್ವಿಚ್ಚು ನೇರ ಹಿಡಿಯುತ್ತದೆ. ಕೆಟ್ಟ ಕರೆಂಟ್ ವೈರಿಂಗ್ ಇರುವ ಕಟ್ಟಡದಲ್ಲಿ ಅವರಿಗೆ ಮಾತಿಗಿಂತ ಗುಂಯ್ ಜೋರು. ಆ ತಂತಿಯ ಹತ್ತಿರ ಎಲೆಕ್ಟ್ರಿಕ್ ಗಿಟಾರ್ ಹಿಡಿದು ನಿಂತರೆ ಅದರ ಪಿಕಪ್ಪೂ ಪ್ರವಚನವನ್ನು ಹಿಡಿದುಬಿಡುತ್ತದೆ.

● ಗೋಪುರದ ಮೇಲೆ ಹಾರ್ನ್ ಸ್ಪೀಕರ್ ಕಟ್ಟುವ ಮುನ್ನ ಒಮ್ಮೆ ಮೋಡ ನೋಡಿ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳ ಎತ್ತರ ಸುಮಾರು 175 ಅಡಿ. ಊರಿನ ಎತ್ತರದ ಗೋಪುರವೆಂದರೆ ಸಿಡಿಲಿಗೆ ಮೊದಲ ವಿಳಾಸ. ಗುಡುಗಿದಾಗ ಗಂಟೆ ಬಾರಿಸಿದರೆ ಸಿಡಿಲು ದೂರವಾಗುತ್ತದೆ ಎಂಬ ನಂಬಿಕೆಯಿಂದ ಹಳೇ ಯುರೋಪಿನಲ್ಲಿ ಒದ್ದೆ ಹಗ್ಗ ಹಿಡಿದು ಗಂಟೆ ಎಳೆದವರೇ ಸಿಡಿಲಿಗೆ ಬಲಿಯಾದದ್ದುಂಟು. ಈಗ ಆ ಹಗ್ಗದ ಜಾಗದಲ್ಲಿ ಸ್ಪೀಕರ್ ವೈರು ಇದೆ, ಕೆಳಗಿನ ತುದಿ ಆಂಪ್ಲಿಫೈಯರಿನಲ್ಲಿ. ಸಿಡಿಲುನಿರೋಧಕದ ಪಟ್ಟಿಯಿಂದ ವೈರನ್ನು ದೂರವಿಡಬೇಕು, ಕಟ್ಟಡದೊಳಗೆ ಬರುವ ಜಾಗದಲ್ಲಿ ಸರ್ಜ್ ತಡೆ ಹಾಕಿ ಮುಖ್ಯ ಅರ್ಥಿಗೆ ಸೇರಿಸಬೇಕು.

● ಅದೇ ಹಾರ್ನಿಗೆ ಕಾನೂನಿನ ಕಿವಿಯೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಮುಚ್ಚಿದ ಸಭಾಂಗಣದೊಳಗಿನ ಬಳಕೆಗೆ ವಿನಾಯಿತಿ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಅದೇ ವರ್ಷ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮದ್ರಾಸಿನ ಚರ್ಚೊಂದರ ಮೊಕದ್ದಮೆಯಲ್ಲಿ, ಧ್ವನಿವರ್ಧಕದಿಂದ ಇತರರ ಶಾಂತಿ ಕೆಡಿಸಿ ಪ್ರಾರ್ಥಿಸಿರೆಂದು ಯಾವ ಧರ್ಮವೂ ವಿಧಿಸಿಲ್ಲ ಎಂಬರ್ಥದ ತೀರ್ಪಿತ್ತಿತು. ದೊಡ್ಡ ಆಂಪ್ಲಿಫೈಯರಿಗೆ ಚಂದಾ ಎತ್ತುವವರು ಈ ಅಂಕಿಗಳನ್ನೂ ಜೇಬಿನಲ್ಲಿಟ್ಟುಕೊಳ್ಳಲಿ.

● ‘ವೈರೇ ಬೇಡ, ಎಲ್ಲ ವೈರ್‌ಲೆಸ್ ಮಾಡೋಣ’ ಎನ್ನುವವರಿಗೆ: ಅಮೆರಿಕದ ಚರ್ಚುಗಳು 700 ಮೆಗಾಹರ್ಟ್ಸ್ ಪಟ್ಟಿಯ ಮೈಕುಗಳನ್ನು 2010ರ ಜೂನ್ 12ರೊಳಗೆ ಮೂಲೆಗೆ ಹಾಕಬೇಕಾಯಿತು. ಆ ತರಂಗಗಳನ್ನು ಸರ್ಕಾರ ಮೊಬೈಲ್ ಸೇವೆಗೆ ಹರಾಜು ಹಾಕಿ, ತುರ್ತು ಸೇವೆಗಳಿಗೂ ಕೊಟ್ಟಿತ್ತು. 600ರ ಪಟ್ಟಿಯ ಮೈಕು ಕೊಂಡವರಿಗೆ 2020ರ ಜುಲೈ 13ರಂದು ಎರಡನೇ ಸಲ ಅದೇ ಗತಿ. ಗೋಡೆಯೊಳಗಿನ ತಾಮ್ರದ ವೈರನ್ನು ಯಾರೂ ಹರಾಜು ಹಾಕಲಿಲ್ಲ.

● ಇನ್ನು ಹಳೇ ವೈರು. ಹೊಸ ಸಿಸ್ಟಮ್ ಬಂದಾಗ ಹಿಂದಿನದನ್ನು ಅಟ್ಟದಲ್ಲೇ ಬಿಟ್ಟು ಪಕ್ಕದಲ್ಲಿ ಹೊಸತು ಎಳೆಯುವುದು ಎಲ್ಲ ಊರಿನ ರೂಢಿ. ಅಮೆರಿಕದ ಸಂಹಿತೆ ಇದಕ್ಕೆ ಒಪ್ಪುವುದಿಲ್ಲ. ಬಳಕೆ ತಪ್ಪಿದ ಆಡಿಯೊ ಕೇಬಲ್ಲಿನಲ್ಲಿ ಕೈಗೆಟುಕುವ ಭಾಗವನ್ನು ಕಿತ್ತು ತೆಗೆಯಲೇಬೇಕು, ಏಕೆಂದರೆ ಪ್ಲಾಸ್ಟಿಕ್ಕಿನ ಆ ರಾಶಿ ಬೆಂಕಿಗೆ ಉರುವಲು. ಮುಂದೆ ಬಳಸುವ ಉದ್ದೇಶವಿದ್ದರೆ ಹಾಗೆಂದು ಪಟ್ಟಿ ಕಟ್ಟಿ ಗುರುತು ಮಾಡಿಡಬಹುದು. ನಮ್ಮ ಅಟ್ಟಗಳಲ್ಲಿ ಈ ಕೆಲಸಕ್ಕೆ ಕೈಹಾಕಿದರೆ ಮೊದಲ ತೊಡಕು ಕೀಳುವುದಲ್ಲ. ಹತ್ತಾರು ವೈರುಗಳಲ್ಲಿ ಯಾವುದು ಸತ್ತದ್ದು, ಯಾವುದು ಬಲಿಪೀಠದ ಮೈಕಿನದು ಎಂದು ಪತ್ತೆಹಚ್ಚುವುದು. ಆದ್ದರಿಂದ ಹೊಸ ವೈರು ಎಳೆಯುವ ದಿನವೇ ಅದರ ಎರಡೂ ತುದಿಗೆ ನಂಬರ್ ಹಚ್ಚಿಸಿ, ನಕ್ಷೆಯ ಒಂದು ಪ್ರತಿಯನ್ನು ಡಿಬಿಯ ಬಾಗಿಲಿನ ಒಳಬದಿಗೆ ಅಂಟಿಸಿ.